ಸಹಾಯ ಬೇಕು: ಸೈಕ್ಲೋಕ್ರಾಸ್ ಟೈರಿಗೆ ಗಾಳಿ ಎಷ್ಟು ಇಳಿಸಬಹುದು?

ಬೆಲ್ಜಿಯಂನಲ್ಲಿ ಹೊಸಬರ ಸೈಕ್ಲೋಕ್ರಾಸ್ (ಹುಲ್ಲು, ಕೆಸರಿನ ಹಾದಿಯ ಸೈಕಲ್ ಓಟ) ರೇಸ್, ಟ್ರ್ಯಾಕ್ ತುಂಬಾ ಕೆಸರು. ಸವಾರನ ತೂಕ 70 ಕೆಜಿ, ಟ್ಯೂಬ್‌ಲೆಸ್ (ಒಳಗೆ ಟ್ಯೂಬ್ ಇಲ್ಲದ) ಟೈರಿನ ಅಗಲ 33 ಮಿ.ಮೀ. (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐನ ಮಿತಿಯೇ ಅಷ್ಟು). ಹುಲ್ಲಿನ ಮೇಲೆ 25 ಪಿಎಸ್‌ಐ ಸಾಕು. ಕೆಸರಿಗೆಂದು 20ಕ್ಕೆ ಇಳಿಸಿದರೆ, ಓರೆ ಇಳಿಜಾರಿನ ತಿರುವಿನಲ್ಲಿ ಟೈರಿನ ಅಂಚು ರಿಮ್ಮಿನಿಂದ ಸರಿದು ಬುಸ್ ಅಂತ ಗಾಳಿ ಹೋಗುತ್ತೆ, ರಿಮ್ಮಿನ ಪಕ್ಕಕ್ಕೆ ಸೀಲಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಬಿಳಿಯಾಗಿ ಚಿಮ್ಮಿರುತ್ತೆ. ಒಳಗೆ 40 ಮಿ.ಲೀ. ಇದೆ, ಹಾಗಾಗಿ ಸೀಲಂಟಿನ ಕೊರತೆಯಲ್ಲ. ರಿಮ್ಮಿನ ಒಳಗೆ ಟೇಪ್ ಇನ್ನೊಂದು ಸುತ್ತು ಹಾಕಿದರೆ ಅಂಚು ಬಿಗಿಯಾಗಿ ಕೂರುತ್ತಾ? ಇಲ್ಲಾ 22–23ಕ್ಕೇ ನಿಲ್ಲಿಸೋದಾ? ಟ್ಯೂಬುಲರ್ (ರಿಮ್ಮಿಗೆ ಅಂಟಿಸುವ ಟೈರು) ಅಂಟಿಸಿ ಅನ್ನಬೇಡಿ, ಅಷ್ಟು ಬಜೆಟ್ಟಿಲ್ಲ.

ಇನ್ನೊಂದು: ಹಾದಿಗೆ ಅಡ್ಡ ಇಟ್ಟಿರುವ, ಸೈಕಲ್ಲಿನಿಂದ ಇಳಿದು ದಾಟುವ 40 ಸೆಂ.ಮೀ. ಎತ್ತರದ ಹಲಗೆಗೆ ಎಷ್ಟು ಮೀಟರ್ ಮುಂಚೆ ಎಡಗಾಲು ಪೆಡಲಿನಿಂದ ಬಿಡಿಸಬೇಕು? ಕ್ಲೀಟಿನಲ್ಲಿ (ಶೂ ತಳವನ್ನು ಪೆಡಲಿಗೆ ಸಿಕ್ಕಿಸುವ ಬಿಲ್ಲೆ) ಕೆಸರು ಮೆತ್ತಿದರೆ ಪೆಡಲ್ ಸುಲಭಕ್ಕೆ ಬಿಡಲ್ಲ.