ಕಾಡುಪಾಪ ಕಂಡರೆ ಲೊಕೇಶನ್ ಹಾಕೋದಾ, ಬೇಡವಾ?

ಕೆರೆದಂಡೆ:
ಕಂಡ ಜೀವಿಗಳ ಫೋಟೋ, ಜಾಗ ದಾಖಲಿಸೋ ಐನ್ಯಾಚುರಲಿಸ್ಟ್ ಆಪ್‌ಗೆ ಕಾಡುಪಾಪದ (ಸ್ಲೆಂಡರ್ ಲೋರಿಸ್) ಫೋಟೋ ಏರಿಸುವಾಗ ಜಾಗ ಮರೆಮಾಡಿ ಅಂತಾರೆ. ಮರೆಮಾಡಿದರೆ, ನಾಳೆ ರಸ್ತೆ ಅಗಲ ಮಾಡೋಕೆ ಅದೇ ಹುಣಸೆಮರಕ್ಕೆ ಗರಗಸ ಬಂದಾಗ ತೋರಿಸೋಕೆ ಏನಿರುತ್ತೆ? ಜಾಗ ಬಿಟ್ಟುಕೊಟ್ಟರೆ ಮಾಟಮಂತ್ರಕ್ಕೆ ಹಿಡಿಯೋರು, ಫ್ಲ್ಯಾಶ್ ಹೊಡೆಯೋರು ಬರ್ತಾರೆ. ಮನುಷ್ಯರ ವಿಳಾಸವನ್ನ ಕೇಳದೆ ಹಂಚಲ್ಲ, ಪ್ರಾಣಿಗೆ ಬೇರೆ ನ್ಯಾಯವಾ?

ರಾತ್ರಿಗಸ್ತು:
ಆಪ್‌ನಲ್ಲಿ ಜಾಗ ಯಾರಿಗೆ ಎಷ್ಟು ಕಾಣಬೇಕು ಅನ್ನೋ ಆಯ್ಕೆ ಇದೆ, ಅದೇ ಜಿಯೋಪ್ರೈವೆಸಿ. ಅದರಲ್ಲಿ 'ಅಬ್‌ಸ್ಕ್ಯೂರ್ಡ್' ಆರಿಸಿ. ಬೇರೆಯವರಿಗೆ 0.2 ಡಿಗ್ರಿ ಚೌಕದೊಳಗೆ ಎಲ್ಲೋ ಒಂದು ಚುಕ್ಕೆ ಕಾಣುತ್ತೆ, ಅಂದರೆ ಸುಮಾರು 22 ಕಿ.ಮೀ. ಉದ್ದಗಲ. ಲಾಲ್‌ಬಾಗಿನಿಂದ ಕೆಂಗೇರಿಗೂ ಅಷ್ಟು ದೂರವಿಲ್ಲ. ತಾರೀಖೂ ಮುಚ್ಚಿಹೋಗಿ, ತಿಂಗಳಷ್ಟೇ ಕಾಣುತ್ತೆ. ನಿಖರ ಜಾಗ ನಿಮ್ಮ ಖಾತೆಯಲ್ಲಿ ಹಾಗೇ ಇರುತ್ತೆ. 'ಪ್ರೈವೇಟ್' ಬೇಡ, ನಕ್ಷೆಯಿಂದಲೇ ಮಾಯವಾಗುತ್ತೆ.

ಗುಟ್ಟು ಸೋರೋದು ಬೇರೆ ಕಡೆಯಿಂದ. ಟಿಪ್ಪಣಿಯಲ್ಲಿ "ಗಣಪತಿ ಗುಡಿ ಹಿಂದೆ" ಅಂತ ಬರೆದುಬಿಡ್ತಾರೆ. ಫೋಟೋ ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ನಂಬರ್ ಇರುತ್ತೆ. ಅದೇ ರಾತ್ರಿಯ ಪತಂಗವನ್ನ 'ಓಪನ್' (ಜಾಗ ಎಲ್ಲರಿಗೂ ಕಾಣೋ ಹಾಗೆ) ಇಟ್ಟು ಬೆನ್ನಿಗೇ ಏರಿಸಿದರೆ ದಾಖಲೆ ಸಂಖ್ಯೆ ಅಕ್ಕಪಕ್ಕ ಬೀಳುತ್ತೆ, ಪತಂಗ ಇದ್ದಲ್ಲಿ ಕಾಡುಪಾಪ ಅಂತ ಊಹಿಸೋಕೆ ಎಷ್ಟು ಹೊತ್ತು? ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಜಿಪಿಎಸ್ ಅಳಿಸಿಹೋಗುತ್ತೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತೆ.

ಕೆರೆದಂಡೆ:
ಸರಿ. ಮರದ ವಿಷಯ?

ನಕಾಶೆ:
ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯೋದಾದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಅಲ್ಲಿ ಆಪ್ ಲಿಂಕ್ ಒಂದೇ ಕೊಟ್ಟರೆ ಸಾಲದು. ಮರದ ಜಾತಿ, ಎದೆಮಟ್ಟದ ಸುತ್ತಳತೆ, ಮುಖ್ಯವಾಗಿ ಯಾವ ಕೊಂಬೆ ಯಾವ ಮರಕ್ಕೆ ತಾಕುತ್ತೆ ಅನ್ನೋದನ್ನ ಕಾಗದದಲ್ಲಿ ಗೆರೆ ಎಳೆದು ತೋರಿಸಿ. ಕಾಡುಪಾಪ ನೆಗೆಯಲ್ಲ. ಕೈ ಚಾಚಿ, ಮುಂದಿನ ಕೊಂಬೆ ಹಿಡಿದು, ಆಮೇಲೆ ಹಿಂದಿನದನ್ನ ಬಿಡುತ್ತೆ. ನಡುವಿನ ಒಂದು ಮರ ಹೋದರೂ ನೆಲಕ್ಕೆ ಇಳಿಯಬೇಕು, ಕೆಳಗೆ ಬೀದಿನಾಯಿ. ಹಾಗಾಗಿ ಎಲ್ಲಿ ಕಂಡಿತು ಅನ್ನೋ ಚುಕ್ಕೆಗಿಂತ ಈ ಕೊಂಬೆದಾರಿಗೇ ತೂಕ ಹೆಚ್ಚು. ಪ್ರಾಣಿ ವನ್ಯಜೀವಿ ಕಾಯ್ದೆಯ ಅನುಸೂಚಿ 1ರದ್ದು, ಅಂದರೆ ಅತಿ ಹೆಚ್ಚು ರಕ್ಷಣೆ ಇರೋ ಪಟ್ಟಿಯದ್ದು, ಅಂತ ಸೇರಿಸಿ. ಕಂಡ ಜಾಗವನ್ನ ಅರಣ್ಯ ಅಧಿಕಾರಿಗೆ ಲಿಖಿತವಾಗಿ ಕೊಡಿ, ವಾಟ್ಸಾಪ್ ಗ್ರೂಪಿಗೆ ಬೇಡ.

ರಾತ್ರಿಗಸ್ತು:
ಒಂದು ತಕರಾರು. ಬೆಂಗಳೂರಿನ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದಲ್ಲಿ ಕಾಡುಪಾಪ ಇರೋದು ಎಲ್ಲರಿಗೂ ಗೊತ್ತು, ಅಂಥ ಕಡೆ ಊರು-ಕೇರಿ ಮುಚ್ಚಿಡೋದು ಸುಮ್ಮನೆ ನಾಟಕ. ಮರ ಯಾವುದು ಅನ್ನೋದಷ್ಟೇ ಹೇಳಬೇಡಿ. ಮತ್ತೆ, ಫೋನ್ ಫ್ಲ್ಯಾಶ್ ಆಟೋದಲ್ಲಿದ್ದರೆ ಕತ್ತಲಲ್ಲಿ ತಾನೇ ಹೊಡೆಯುತ್ತೆ. ಮನೆಯಲ್ಲೇ ಆಫ್ ಮಾಡಿ, ಟಾರ್ಚ್‌ಗೆ ಕೆಂಪು ಜಿಲೇಟಿನ್ ಹಾಳೆ ಕಟ್ಟಿಕೊಂಡು ಹೊರಡಿ.