ಎಎಲ್‌ಪಿ ಕಡಿಮೆ ಇದ್ದರೆ ಹೈಪೋಫಾಸ್ಫಟೇಸಿಯಾ ಎಂದು ಶಂಕಿಸಬೇಕೆ?

ಪ್ರಶ್ನೆ:
ನಮ್ಮ ಅಕ್ಕನಿಗೆ ಈಗ 46 ವರ್ಷ. ಬೀಳದೆ, ಏಟಾಗದೆ ಅವರ ಪಾದದ ಮೂಳೆಯಲ್ಲಿ ಎರಡು ಸಲ ಬಿರುಕು ಬಿಟ್ಟಿದ್ದು, ಎರಡನೆಯದು ಇನ್ನೂ ಕೂಡಿಕೊಂಡಿಲ್ಲ. ವಿಟಮಿನ್ ಡಿ, ಕ್ಯಾಲ್ಸಿಯಂ ಎರಡೂ ಸರಿಯಾಗಿವೆ. ಹಳೆಯ ವರದಿಗಳನ್ನು ತಿರುವಿ ನೋಡಿದಾಗ ಯಕೃತ್ತಿನ ಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಎಎಲ್‌ಪಿ) ಎಂಬ ಕಿಣ್ವ ಒಮ್ಮೆ 21, ಮತ್ತೊಮ್ಮೆ 18 ಎಂದಿದೆ; ಅದರ ಬಗ್ಗೆ ಯಾರೂ ಮಾತೆತ್ತಿಲ್ಲ. ಈಗ ಮೂಳೆ ಸವೆತವೆಂದು ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ ಬರೆದುಕೊಟ್ಟಿದ್ದಾರೆ. ಮಾತ್ರೆ ಆರಂಭಿಸುವ ಮೊದಲು ಇನ್ನಾವ ಪರೀಕ್ಷೆ ಮಾಡಿಸಬೇಕು?

ಉತ್ತರ 1 (ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು):
ಎಎಲ್‌ಪಿ ಏರಿದರೆ ಪಿತ್ತನಾಳ, ಯಕೃತ್ತು ಎಂದು ಎಲ್ಲರೂ ಎಚ್ಚರಗೊಳ್ಳುತ್ತಾರೆ. ಇಳಿದರೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಕೆಲವು ವರದಿಗಳಲ್ಲಿ ಕೆಳಮಿತಿಯನ್ನು ಅಚ್ಚು ಹಾಕುವುದೂ ಇಲ್ಲ. ಹೈಪೋಫಾಸ್ಫಟೇಸಿಯಾ, ಅಂದರೆ ಎಎಲ್‌ಪಿ ಕೊರತೆಯಿಂದ ಮೂಳೆ ದುರ್ಬಲವಾಗುವ ಆನುವಂಶಿಕ ಕಾಯಿಲೆ, ವಯಸ್ಕರಲ್ಲಿ ವರ್ಷಗಟ್ಟಲೆ ಪತ್ತೆಯಾಗದೆ ಉಳಿಯಲು ಇದೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ವಯಸ್ಕರಲ್ಲಿ ಎಎಲ್‌ಪಿ ಲೀಟರಿಗೆ ಸುಮಾರು 40ರಿಂದ 130 ಯೂನಿಟ್ ಇರುತ್ತದೆ. ಮೂಳೆ ಕೂಡುವಾಗ ಎಎಲ್‌ಪಿ ಏರುವುದೇ ವಾಡಿಕೆಯಾದ್ದರಿಂದ, ಬಿರುಕು ಇರುವಾಗಲೂ 18 ಬಂದಿದ್ದರೆ ಅದನ್ನು ಕಡೆಗಣಿಸುವಂತಿಲ್ಲ.

ಆದರೂ ಮೊದಲು ಇನ್ನೊಮ್ಮೆ ರಕ್ತ ಕೊಟ್ಟು ಖಚಿತಪಡಿಸಿಕೊಳ್ಳಿ. ನೇರಳೆ ಮುಚ್ಚಳದ ನಳಿಕೆಯಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಈ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದು ಮಾದರಿಗೆ ಬೆರೆತರೆ ಎಎಲ್‌ಪಿ ಸುಳ್ಳಾಗಿ ಇಳಿಯುತ್ತದೆ. ಅಂಥ ವರದಿಯಲ್ಲಿ ಕ್ಯಾಲ್ಸಿಯಂ ಕುಸಿದು ಪೊಟ್ಯಾಸಿಯಂ ಏರಿರುವುದರಿಂದ ಮೋಸ ಬಯಲಾಗುತ್ತದೆ. ಸತುವಿನ ಕೊರತೆ, ಹೈಪೋಥೈರಾಯ್ಡ್, ತೀವ್ರ ರಕ್ತಹೀನತೆ ಇವನ್ನೂ ಪರಿಶೀಲಿಸಬೇಕು.

ಉತ್ತರ 2 (ವೈದ್ಯೆ):
ಕಾರಣ ತಿಳಿಯುವವರೆಗೆ ಅಲೆಂಡ್ರೊನೇಟ್ ಆರಂಭಿಸಬಾರದು; ಈ ಬಗ್ಗೆ ಅದನ್ನು ಬರೆದುಕೊಟ್ಟ ವೈದ್ಯರೊಂದಿಗೇ ಮಾತನಾಡಿ, ಎಂಡೋಕ್ರಿನಾಲಜಿಸ್ಟ್ (ಹಾರ್ಮೋನು ತಜ್ಞ) ಒಬ್ಬರನ್ನು ಕಾಣಿರಿ. ಈ ಕಾಯಿಲೆಯಲ್ಲಿ ಎಎಲ್‌ಪಿ ಒಡೆಯಬೇಕಾದ ಪೈರೋಫಾಸ್ಫೇಟ್ ಶೇಖರವಾಗಿ, ಮೂಳೆಯಲ್ಲಿ ಖನಿಜ ಕೂರದಂತೆ ತಡೆಯುತ್ತದೆ. ಅಲೆಂಡ್ರೊನೇಟಿನ ರಚನೆ ಆ ಪೈರೋಫಾಸ್ಫೇಟನ್ನೇ ಹೋಲುತ್ತದೆ. ಅದನ್ನು ಸೇವಿಸಿದ ಇಂಥ ರೋಗಿಗಳಲ್ಲಿ ತೊಡೆಮೂಳೆ ಮುರಿದ ಪ್ರಕರಣಗಳು ವರದಿಯಾಗಿವೆ. ಮೇಲಾಗಿ ಆ ಮಾತ್ರೆ ತಾನೇ ಎಎಲ್‌ಪಿಯನ್ನು ಇಳಿಸುವುದರಿಂದ, ಆಮೇಲೆ ಮಾಡಿಸುವ ಪರೀಕ್ಷೆ ಗೊಂದಲಕ್ಕೆ ಎಡೆಮಾಡುತ್ತದೆ.

ಮುಂದಿನ ಹೆಜ್ಜೆಯೆಂದರೆ ರಕ್ತದಲ್ಲಿ ವಿಟಮಿನ್ ಬಿ6ರ ಸಕ್ರಿಯ ರೂಪವಾದ ಪಿಎಲ್‌ಪಿ. ಎಎಲ್‌ಪಿ ಕಡಿಮೆಯಿದ್ದು ಪಿಎಲ್‌ಪಿ ಹೆಚ್ಚಿದ್ದರೆ ಶಂಕೆ ಬಲಗೊಳ್ಳುತ್ತದೆ. ಆಗ ಈ ಕಿಣ್ವವನ್ನು ರೂಪಿಸುವ ಎಎಲ್‌ಪಿಎಲ್ ಜೀನ್ ಪರೀಕ್ಷೆ ಮಾಡಿಸಬಹುದು. ಐದು ವರ್ಷ ತುಂಬುವ ಮುನ್ನವೇ ಅಕ್ಕನ ಹಾಲುಹಲ್ಲು ಬೇರುಸಮೇತ ಬಿದ್ದಿತ್ತೇ ಎಂದು ಮನೆಯ ಹಿರಿಯರನ್ನು ಕೇಳಿ. 2015ರಲ್ಲಿ ಅಮೆರಿಕ ಮತ್ತು ಯುರೋಪಿನಲ್ಲಿ ಒಪ್ಪಿಗೆ ಪಡೆದ, ಕೊರತೆಯಾದ ಕಿಣ್ವವನ್ನು ತುಂಬಿಕೊಡುವ ಆಸ್ಫೋಟೇಸ್ ಆಲ್ಫಾ ಚುಚ್ಚುಮದ್ದು ಬಾಲ್ಯದಲ್ಲೇ ಲಕ್ಷಣ ತೋರಿದವರಿಗೆ ಸೀಮಿತವಾದ್ದರಿಂದ ಈ ವಿವರ ಚಿಕಿತ್ಸೆಯ ನಿರ್ಧಾರಕ್ಕೂ ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಅಕ್ಕ ದಿನವೂ ಬಿ-ಕಾಂಪ್ಲೆಕ್ಸ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಪಿಎಲ್‌ಪಿ ಪರೀಕ್ಷೆಗೆ ಅದು ಅಡ್ಡಿಯಾಗುವುದೇ?

ಉತ್ತರ 1:
ಖಂಡಿತ ಆಗುತ್ತದೆ, ಅದರಲ್ಲಿರುವ ಬಿ6ನಿಂದಲೇ ಪಿಎಲ್‌ಪಿ ಏರಿಬಿಡುತ್ತದೆ. ವೈದ್ಯರಿಗೆ ತಿಳಿಸಿ ಒಂದು ವಾರ ಮೊದಲೇ ನಿಲ್ಲಿಸಲಿ. ಪಿಎಲ್‌ಪಿ ಬೆಳಕಿಗೆ ಕೆಡುವುದರಿಂದ ಮಾದರಿಯನ್ನು ಬೆಳಕು ತಾಗದಂತೆ ಸುತ್ತಿ ಕಳುಹಿಸುತ್ತಾರೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಿ.