ಸಾಗರದ ತೇಗದ ಬೀರು ಬೆಂಗಳೂರಿನ ಫ್ಲ್ಯಾಟಿಗೆ: ಯಾವ ಗೋಡೆಗೆ ಇಡುವುದು?

ಹೊಳೆಬದಿ: ಸಾಗರದ ಮನೆಯ ಹಳೆ ತೇಗದ ಬೀರು ಬೆಂಗಳೂರಿನ ಮೂರನೇ ಮಹಡಿಗೆ ಬರಬೇಕಿದೆ. ಎತ್ತರ 7 ಅಡಿ, ಅಗಲ 4, ಆಳ 2. ಮಲಗುವ ಕೋಣೆಯ ನೈಋತ್ಯ ಮೂಲೆಯಲ್ಲೇ ಇಡಬೇಕು ಅಂತ ಹಿರಿಯರ ಮಾತು. ಅಲ್ಲಿ ಪಶ್ಚಿಮದ ಗೋಡೆಯಾಚೆ ಬಚ್ಚಲು. ಒಂದು ಕಾಲಿನಲ್ಲಿ ಸಣ್ಣ ತೂತುಗಳೂ ಇವೆ. ಏನೇನು ನೋಡಿಕೊಳ್ಳಬೇಕು?

ಉಳಿಬಾಚಿ: ಜಾಗದ ಮಾತು ಆಮೇಲೆ, ಮೊದಲು ತೂತು ನೋಡಿ. ಹಳೆ ಪುಡಿಯನ್ನೆಲ್ಲ ಬ್ರಷ್ಷಿನಿಂದ ತೆಗೆದು, ಕೆಳಗೆ ಕಪ್ಪು ಕಾಗದ ಹಾಸಿ, ಕೆಲವು ವಾರ ಬಿಡಿ. ಮತ್ತೆ ನುಣ್ಣನೆಯ ಹಿಟ್ಟು ಉದುರಿದರೆ ಕುಟ್ಟೆ ಹುಳು ಒಳಗೇ ಇದೆ. ತೇಗದ ಚೇಗನ್ನು, ಅಂದರೆ ಒಳಗಿನ ಗಟ್ಟಿ ಮರವನ್ನು, ಅದು ಮುಟ್ಟುವುದು ಅಪರೂಪ. ಹೊರಗಿನ ಬಿಳಿ ಭಾಗ ಉಳಿದ ಕಾಲಿಗೋ ನಡುವೆ ಬದಲಿಸಿದ ಬೇರೆ ಮರಕ್ಕೋ ಹಿಡಿಯುತ್ತದೆ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಪಾಲಿಶ್ ದಾಟಿ ಇಳಿಯುವುದಿಲ್ಲ. ಪಾಲಿಶ್ ಇಲ್ಲದ ತಳಕ್ಕೆ ಹಚ್ಚಿ, ತೂತಿಗೆ ಸಿರಿಂಜಿನಲ್ಲಿ ಬಿಡಿ, ಪೂರ್ತಿ ಒಣಗಿದ ಮೇಲೇ ಬಟ್ಟೆ ಇಡಿ. ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು, ಅದರ ಮದ್ದೇ ಬೇರೆ.

ಸಾಗಿಸುವ ಮುಂಚೆ ಬಾಗಿಲು, ಹಲಗೆ ಬಿಚ್ಚಿ. ಖಾಲಿ ಬೀರುವೇ 150 ಕಿಲೋ ಆಸುಪಾಸು ತೂಗಬಹುದು. ಮಲಗಿಸಿ ತಂದದ್ದನ್ನು ಎತ್ತಿ ನಿಲ್ಲಿಸಲು ಎತ್ತರ ಮತ್ತು ಆಳದ ಕರ್ಣದಳತೆ, ಅಂದರೆ ಸುಮಾರು 87.5 ಇಂಚು ಎತ್ತರ ಖಾಲಿ ಬೇಕು. ಕೋಣೆಯಲ್ಲಿ 7 ಅಡಿಗೆ ಸಜ್ಜಾ ಇದ್ದರೆ ಅದರಡಿಗೆ ಈ ಬೀರು ಹೋಗುವುದೇ ಇಲ್ಲ.

ರಸಮಟ್ಟ: ಬಚ್ಚಲಿನ ಗೋಡೆಗೆ ಖಂಡಿತ ಬೇಡ. ಮೂಲೆಗೆ ಎರಡು ಗೋಡೆಯಲ್ಲವೇ, ದಕ್ಷಿಣದ ಗೋಡೆಗೆ ಬೆನ್ನು ಕೊಟ್ಟು ಉತ್ತರಕ್ಕೆ ಮುಖ ಮಾಡಿಸಿ. ಹಿರಿಯರ ಮಾತೂ ಉಳಿಯುತ್ತದೆ. ಹಿಂದೆ 2 ಇಂಚು, ಬಚ್ಚಲಿನ ಕಡೆ 4 ಇಂಚು ಗಾಳಿಯಾಡಲಿ. ದಕ್ಷಿಣದ್ದು ಹೊರಗೋಡೆಯಾದರೆ ಪರೀಕ್ಷಿಸಿ: ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಎರಡು ದಿನದಲ್ಲಿ ಹಾಳೆಯ ಒಳಮೈಗೆ ಹನಿ ಕಟ್ಟಿದರೆ ಗೋಡೆ ತೇವ ಬಿಡುತ್ತಿದೆ.

ನೆಲ ಓರೆಯಿದ್ದರೆ ಬಾಗಿಲು ಸರಿಯಾಗಿ ಕೂರುವುದಿಲ್ಲ. ಆಗ ಬಾಗಿಲಿಗೆ ಕೀಸುಳಿ ಹಾಕಿಸಬೇಡಿ. ತಗ್ಗಿನ ಕಾಲಿಗೆ ರಬ್ಬರ್ ತುಂಡು ಕೊಟ್ಟು ಮಟ್ಟ ಮಾಡಿ, ಮುಕ್ಕಾಲು ಪಾಲು ಬಾಗಿಲು ತಾನೇ ಸರಿಹೋಗುತ್ತದೆ. ಭಾರದ ಸಾಮಾನು ಕೆಳಗಿನ ಹಲಗೆಗೆ. ಮೇಲ್ಗಡೆ ಎರಡು ಕಡೆ ಎಲ್ ಪಟ್ಟಿಯಿಂದ ಗೋಡೆಗೆ ಹಿಡಿಸಿ, ಮಕ್ಕಳಿರುವ ಮನೆಯಲ್ಲಿ ಇದನ್ನು ಬಿಡಲೇಬೇಡಿ.

ಹೊಳೆಬದಿ: ಸಜ್ಜಾ ಇರುವುದು ಬಾಗಿಲ ಮೇಲೆ ಮಾತ್ರ, ಮೂಲೆ ಖಾಲಿ. ಬಾಗಿಲ ಹಲಗೆಯಲ್ಲಿ ಸಣ್ಣ ಸೀಳಿದೆ, ಈಗಲೇ ಪುಟ್ಟಿ ತುಂಬಿಸಲೇ?

ಉಳಿಬಾಚಿ: ಬೇಡ. ಮಲೆನಾಡಿನ ತೇವ ಕುಡಿದ ಮರ ಬೆಂಗಳೂರಿನ ಒಣ ಹವೆಗೆ ಕುಗ್ಗುತ್ತದೆ, ಮಳೆಗಾಲಕ್ಕೆ ಮತ್ತೆ ಹಿಗ್ಗುತ್ತದೆ. ಈಗ ತುಂಬಿಸಿದ್ದು ಆಗ ಉಬ್ಬಿ ಉದುರುತ್ತದೆ. ಹಲಗೆಯನ್ನು ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸಡಿಲವಾಗಿರಲೆಂದೇ ಕೂರಿಸಿರುತ್ತಾರೆ, ಅಲ್ಲಿಗೆ ಗೋಂದು ಹಾಕಿದರೆ ಸೀಳು ಇನ್ನಷ್ಟು ದೊಡ್ಡದಾಗುತ್ತದೆ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಸೀಳಿನ ಅಗಲಕ್ಕೆ ತೇಗದ ಚಕ್ಕೆಯನ್ನೇ ಕೂರಿಸಿಕೊಳ್ಳಿ.